ಓಟಗಾರರೊಬ್ಬರ ಹಿಮ್ಮಡಿ ನೋವು ಮತ್ತು ಬಿಪಿಸಿ-157: ಒಂದು ಪ್ರಕರಣ ಅಧ್ಯಯನ

41 ವರ್ಷದ ಹವ್ಯಾಸಿ ಓಟಗಾರರೊಬ್ಬರು ತಮ್ಮ ಎಡ ಹಿಮ್ಮಡಿಯ ಒಳಬದಿಯಲ್ಲಿ ಎದ್ದಿದ್ದ ಕೆಂಪು ಗಂಟೊಂದನ್ನು ತೋರಿಸಲು ಕ್ರೀಡಾ ವೈದ್ಯಕೀಯ ಚಿಕಿತ್ಸಾಲಯಕ್ಕೆ ಬಂದರು. ಅದೇ ಹಿಮ್ಮಡಿಯಲ್ಲಿ ಏಳು ತಿಂಗಳಿನಿಂದ ನೋವಿತ್ತು. ಆದರೆ ನೋವಿನ ಬಗ್ಗೆ ಆ ದಿನ ಅವರಿಗೆ ಹೆಚ್ಚಿನ ದೂರೇನೂ ಇರಲಿಲ್ಲ, ಏಕೆಂದರೆ ಹಿಂದಿನ ನಾಲ್ಕು ವಾರಗಳಲ್ಲಿ ಅದು ಅರ್ಧಕ್ಕರ್ಧ ಇಳಿದಿತ್ತು. ಗಂಟು ಎದ್ದ ಜಾಗದಲ್ಲಿ ಅವರು ದಿನಕ್ಕೆರಡು ಬಾರಿ ಇನ್ಸುಲಿನ್ ಸಿರಿಂಜಿನಿಂದ ತಾವೇ ಒಂದು ಮದ್ದನ್ನು ಚುಚ್ಚಿಕೊಳ್ಳುತ್ತಿದ್ದರು; ಅದರ ಹೆಸರು ಬಿಪಿಸಿ-157, ಅಂತರ್ಜಾಲದಲ್ಲಿ ಮಾರಾಟವಾಗುವ ಒಂದು ಕೃತಕ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಣಿ). ನೋವು ಇಳಿದದ್ದು ಆ ಮದ್ದಿನಿಂದಲೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಗಂಟೊಂದು ಹೋದರೆ ಮದ್ದನ್ನು ಮುಂದುವರಿಸಬಹುದೇ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಈ ಬರಹ ಆ ಪ್ರಶ್ನೆಗಿಂತ ಒಂದು ಹೆಜ್ಜೆ ಹಿಂದೆ ನಿಂತು, ನೋವು ಇಳಿದದ್ದಕ್ಕೆ ಮದ್ದೇ ಕಾರಣ ಎನ್ನಲು ಏನು ಆಧಾರವಿದೆ ಎಂದು ನೋಡುತ್ತದೆ. ಪ್ರಕರಣವನ್ನು ಬೋಧನೆಗೆಂದು ಹೊಂದಿಸಿ ಬರೆದಿದೆ. ವ್ಯಕ್ತಿಯ ವಿವರಗಳು ಯಾರೊಬ್ಬರವೂ ಅಲ್ಲ. ಅಧ್ಯಯನಗಳ ಬಗ್ಗೆ ಕೊಟ್ಟಿರುವ ವಿವರಗಳು ಪ್ರಕಟಿತ ಸಾಹಿತ್ಯದವು.

ಪೂರ್ವವೃತ್ತ ಮತ್ತು ಪರೀಕ್ಷೆ

ಇವರು ವಾರಕ್ಕೆ ಸುಮಾರು 40 ಕಿಲೋಮೀಟರ್ ಓಡುತ್ತಿದ್ದವರು, ಹಿರಿಯರ ವಯೋಮಾನದ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟಕ್ಕೆ ಹೆಸರು ಕೊಡುತ್ತಿದ್ದವರು. ಒಂದೇ ತಿಂಗಳಲ್ಲಿ ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಿದ ಮೇಲೆ, ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಭಾಗ ಬಿಗಿದಂತಾಗುವುದು ಶುರುವಾಯಿತು. ಓಟದ ಆರಂಭದಲ್ಲಿ ನೋವು, ಮೈ ಬಿಸಿಯಾದ ಮೇಲೆ ಶಮನ, ಮರುದಿನ ಬೆಳಗ್ಗೆ ಮತ್ತೆ ಬಿಗಿತ, ಹೀಗೆ ಹೇಳಿದ ಕೂಡಲೇ ಗುರುತಿಸಬಹುದಾದ ಕ್ರಮದಲ್ಲಿ ಕಾಯಿಲೆ ಬೆಳೆದಿತ್ತು. ಏಳು ತಿಂಗಳಲ್ಲಿ ಅವರು ಎರಡು ವಾರ ವಿಶ್ರಾಂತಿ ತೆಗೆದುಕೊಳ್ಳುವುದು, ನೋವು ಹೋಯಿತೆಂದು ಹಳೆಯ ವೇಗಕ್ಕೇ ಮರಳುವುದು, ಮತ್ತೆ ನೋವು ಬಂದು ನಿಲ್ಲಿಸುವುದು ಎಂಬ ಸುತ್ತನ್ನು ಐದಾರು ಬಾರಿ ಸುತ್ತಿದ್ದರು. ಭೌತಚಿಕಿತ್ಸಕರೊಬ್ಬರು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಬರೆದುಕೊಟ್ಟಿದ್ದರು. ಮಾಡುವಾಗ ನೋವಾಗುತ್ತದೆಂದು ಮೂರು ವಾರಕ್ಕೆ ಅದನ್ನು ಬಿಟ್ಟಿದ್ದರು.

ಪರೀಕ್ಷೆಯಲ್ಲಿ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಮೂಳೆಗೆ ಸೇರುವ ಜಾಗದಿಂದ ಸುಮಾರು 4 ಸೆಂಟಿಮೀಟರ್ ಮೇಲೆ ದಪ್ಪಗಾಗಿತ್ತು, ಒತ್ತಿದರೆ ನೋಯುತ್ತಿತ್ತು. ಅಲ್ಟ್ರಾಸೌಂಡ್‌ನಲ್ಲಿ ಎಡಗಾಲಿನ ರಜ್ಜುವಿನ ದಪ್ಪ 9 ಮಿಲಿಮೀಟರ್, ಬಲಗಾಲಿನದು 5 ಮಿಲಿಮೀಟರ್ ಎಂದು ಅಳೆಯಲಾಯಿತು. ಎಳೆಗಳ ಸಾಲು ಕದಡಿದಂತಿತ್ತು, ರಜ್ಜು ಹರಿದಿರಲಿಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಹಾಕಿದಾಗ, ಆರೋಗ್ಯವಂತ ರಜ್ಜುವಿನಲ್ಲಿ ಸಾಮಾನ್ಯವಾಗಿ ಕಾಣಿಸದ ಸಣ್ಣ ರಕ್ತನಾಳಗಳು ರಜ್ಜುವಿನ ಮುಂಬದಿಯಿಂದ ಒಳಕ್ಕೆ ಹೊಕ್ಕಿದ್ದು ಕಂಡಿತು. ಈ ನಾಳಗಳ ವಿಷಯಕ್ಕೆ ಮುಂದೆ ಮರಳಬೇಕಾಗುತ್ತದೆ. ಅಕಿಲಿಸ್ ತೊಂದರೆಯನ್ನು ಸೊನ್ನೆಯಿಂದ ನೂರರವರೆಗೆ ಅಳೆಯುವ ವಿಸಾ-ಎ ಪ್ರಶ್ನಾವಳಿಯಲ್ಲಿ ಅವರಿಗೆ 58 ಅಂಕ ಬಂತು. ತೊಂದರೆಯೇ ಇಲ್ಲದವರ ಅಂಕ ನೂರರ ಹತ್ತಿರ ಇರುತ್ತದೆ. ಚುಚ್ಚುಮದ್ದು ಆರಂಭಿಸುವ ಮೊದಲು ಈ ಅಂಕ ಎಷ್ಟಿತ್ತು ಎಂಬುದನ್ನು ಯಾರೂ ಅಳೆದಿರಲಿಲ್ಲ. ಇಡೀ ಪ್ರಕರಣದ ದೊಡ್ಡ ಕೊರತೆ ಇದೇ, ಮತ್ತು ಅದು ನಂತರ ತುಂಬಿಸಿಕೊಳ್ಳಲಾಗದ ಕೊರತೆ.

ಗಂಟಿನ ಮಟ್ಟಿಗೆ ಆತಂಕ ಪಡುವಂಥದ್ದೇನೂ ಸಿಗಲಿಲ್ಲ. ಜ್ವರವಿರಲಿಲ್ಲ, ಒಳಗೆ ಕೀವು ಕಟ್ಟಿರಲಿಲ್ಲ. ಚುಚ್ಚುವುದನ್ನು ನಿಲ್ಲಿಸಿದ ಹತ್ತು ದಿನಗಳಲ್ಲಿ ಅದು ತಾನಾಗಿ ಕರಗಿತು. ಸೋಂಕು ಎಂದು ಅನುಮಾನಿಸಿ ಪ್ರತಿಜೀವಕ ಕೊಡುವ ಪ್ರಸಂಗ ಬಂದಿದ್ದರೆ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧವನ್ನು ದೂರವಿಡಬೇಕಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು: ಆ ಗುಂಪು ಸ್ನಾಯುರಜ್ಜು ಹರಿಯಲು ಕಾರಣವಾಗಬಲ್ಲದು, ಅದರಲ್ಲೂ ಅಕಿಲಿಸ್ ರಜ್ಜು, ಎಂಬ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2008ರಲ್ಲಿಯೇ ಹಾಕಿಸಿದೆ.

ಸೀಸೆಯೊಳಗೆ ಏನಿತ್ತು

ಎರಡನೆಯ ಭೇಟಿಗೆ ಬರುವಾಗ ಉಳಿದ ಸೀಸೆಗಳನ್ನು ತರುವಂತೆ ಕೇಳಿಕೊಂಡೆವು. ಬಿಪಿಸಿ-157 ಎಂಬ ಚೀಟಿಯ ಐದು ಸೀಸೆಗಳು, ಟಿಬಿ-500 ಎಂಬ ಚೀಟಿಯ ಎರಡು. ಎಲ್ಲದರ ಮೇಲೂ 5 ಮಿಲಿಗ್ರಾಂ ಎಂದಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದಿತ್ತು. ಅಂತರ್ಜಾಲದಲ್ಲಿ ಇಂಥ ಪೆಪ್ಟೈಡ್‌ಗಳು ಮಾರಾಟವಾಗುವುದು ಈ ಒಂದು ಸಾಲಿನ ಮರೆಯಲ್ಲಿ: ಪ್ರಯೋಗಾಲಯದ ರಾಸಾಯನಿಕವೆಂದು ಮಾರಿದರೆ ಔಷಧಕ್ಕೆ ಅನ್ವಯಿಸುವ ತಪಾಸಣೆಯಿಂದ ಪಾರಾಗಬಹುದು ಎಂಬುದು ಮಾರುವವರ ಲೆಕ್ಕ. ಅದರ ಜೊತೆಗೇ ಇನ್ಸುಲಿನ್ ಸಿರಿಂಜನ್ನೂ, ಪುಡಿ ಕರಗಿಸಲು ಬೆಂಜೈಲ್ ಆಲ್ಕೋಹಾಲ್ ಬೆರೆಸಿದ ನೀರನ್ನೂ ಮಾರುವವರು ತಮ್ಮ ಗಿರಾಕಿ ಪ್ರಯೋಗಾಲಯದ ಇಲಿಯೆಂದು ನಂಬಿರಲಾರರು.

ಬಳಸಿದ ಕ್ರಮವನ್ನು ವಿವರವಾಗಿ ಕೇಳಿದಾಗ ಒಂದು ತಪ್ಪು ಹೊರಬಿತ್ತು. ಅವರು ಓದಿದ್ದ ಸೂಚನೆಯ ಪ್ರಕಾರ 5 ಮಿಲಿಗ್ರಾಂ ಪುಡಿಗೆ 2 ಮಿಲಿಲೀಟರ್ ನೀರು ಬೆರೆಸಬೇಕಿತ್ತು. ಇನ್ಸುಲಿನ್ ಸಿರಿಂಜಿನಲ್ಲಿ 100 ಗೆರೆಗೆ 1 ಮಿಲಿಲೀಟರ್ ಆಗುವುದರಿಂದ ಹತ್ತನೆಯ ಗೆರೆಯವರೆಗೆ ಎಳೆದರೆ 250 ಮೈಕ್ರೋಗ್ರಾಂ ಬರುತ್ತಿತ್ತು. ಇವರು ಬೆರೆಸಿದ್ದು 1 ಮಿಲಿಲೀಟರ್ ನೀರು, ಎಳೆದದ್ದು ಅದೇ ಹತ್ತನೆಯ ಗೆರೆಯವರೆಗೆ. ಹಾಗಾಗಿ ಪ್ರತಿ ಬಾರಿಯೂ ಎರಡರಷ್ಟು ಮದ್ದು ಒಳಗೆ ಹೋಗಿತ್ತು. ಹತ್ತು ದಿನ ಬರಬೇಕಿದ್ದ ಸೀಸೆ ಐದೇ ದಿನಕ್ಕೆ ಖಾಲಿಯಾಗುತ್ತಿದ್ದುದನ್ನು ಅವರು ಗಮನಿಸಿದ್ದರು, ಆದರೆ ಮಾರಿದವರು ಕಡಿಮೆ ತುಂಬಿದ್ದಾರೆ ಎಂದು ಭಾವಿಸಿದ್ದರು. ಆ ಸಂಶಯವೂ ಅಸಾಧ್ಯವಾದುದಲ್ಲ. ಒಟ್ಟಿನಲ್ಲಿ ಎಷ್ಟು ಮದ್ದು ಒಳಗೆ ಹೋಯಿತು ಎಂಬುದನ್ನು ರೋಗಿಯೂ ಹೇಳಲಾರರು, ವೈದ್ಯರೂ ಹೇಳಲಾರರು.

ಮಾರಾಟಗಾರರ ಪುಟದಿಂದ ಅವರು ಒಂದು ಪರೀಕ್ಷಾ ಪ್ರಮಾಣಪತ್ರವನ್ನು ಇಳಿಸಿಕೊಂಡು ತಂದಿದ್ದರು. ದ್ರವ ವರ್ಣಲೇಖನ ವಿಧಾನದಲ್ಲಿ ಶುದ್ಧತೆ ಶೇ 99ಕ್ಕಿಂತ ಹೆಚ್ಚು ಎಂದು ಅದರಲ್ಲಿತ್ತು. ಕಾಗದ ನಿಜವೆಂದೇ ಇಟ್ಟುಕೊಂಡರೂ ಅದು ಹೇಳುವ ಮಾತು ಬಹಳ ಸೀಮಿತ. ಮಾದರಿಯಲ್ಲಿ ಆ ವಿಧಾನಕ್ಕೆ ಕಾಣುವ ಪದಾರ್ಥಗಳ ಪೈಕಿ ಒಂದೇ ಪದಾರ್ಥ ಹೆಚ್ಚಾಗಿದೆ ಎಂದಷ್ಟೇ ಅದರ ಅರ್ಥ. ಪುಡಿಯಲ್ಲಿ ಲವಣ ಮತ್ತು ತೇವಾಂಶ ಎಷ್ಟು, ಅಂದರೆ 5 ಮಿಲಿಗ್ರಾಂನಲ್ಲಿ ಪೆಪ್ಟೈಡ್ ನಿಜಕ್ಕೂ ಎಷ್ಟು ಎಂಬುದು ಅದರಿಂದ ತಿಳಿಯದು. ಸೀಸೆ ಕ್ರಿಮಿರಹಿತವೇ ಎಂಬುದೂ ತಿಳಿಯದು. ಸತ್ತ ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ಎಂಡೋಟಾಕ್ಸಿನ್ ಇದೆಯೇ ಎಂಬುದಕ್ಕೆ ಬೇರೆಯದೇ ಪರೀಕ್ಷೆ ಬೇಕು. ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳಲು ಅದು ಒಂದು ಕಾರಣವಾಗಬಹುದು. ನಮ್ಮ ರೋಗಿಯ ಗಂಟಿಗೆ ಅದು ಕಾರಣವೋ, ಕರಗಿಸುವ ನೀರಿನಲ್ಲಿದ್ದ ಬೆಂಜೈಲ್ ಆಲ್ಕೋಹಾಲ್ ಕಾರಣವೋ, ಒಂದೇ ಜಾಗದಲ್ಲಿ ಐವತ್ತು ಬಾರಿ ಸೂಜಿ ಇಳಿದದ್ದೇ ಕಾರಣವೋ ಎಂದು ಬಿಡಿಸಿ ಹೇಳಲು ಆಗಲಿಲ್ಲ.

ಟಿಬಿ-500ರ ಕಥೆ ಇನ್ನೂ ವಿಚಿತ್ರ. ಥೈಮೋಸಿನ್ ಬೀಟಾ-4 ಎಂಬುದು ದೇಹದಲ್ಲಿ ಸಹಜವಾಗಿಯೇ ಇರುವ 43 ಅಮೈನೋ ಆಮ್ಲಗಳ ಪೆಪ್ಟೈಡ್. ಜೀವಕೋಶದ ಒಳಚೌಕಟ್ಟನ್ನು ಕಟ್ಟುವ ಆಕ್ಟಿನ್ ಎಂಬ ಪ್ರೋಟೀನನ್ನು ಹಿಡಿದಿಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಮಾರಾಟದ ಪುಟಗಳಲ್ಲಿ ಟಿಬಿ-500 ಎಂದರೆ ಇದೇ ಎಂಬಂತೆ ಬರೆದಿರುತ್ತಾರೆ. ಆದರೆ 2012ರಲ್ಲಿ ಉದ್ದೀಪನ ಮದ್ದಿನ ಸಂಶೋಧಕರು ಟಿಬಿ-500 ಹೆಸರಿನ ಉತ್ಪನ್ನವನ್ನು ವಿಶ್ಲೇಷಿಸಿದಾಗ ಅದರಲ್ಲಿ ಗುರುತಿಸಿದ್ದು ಥೈಮೋಸಿನ್ ಬೀಟಾ-4ರ 17ರಿಂದ 23ರವರೆಗಿನ ಏಳೇ ಅಮೈನೋ ಆಮ್ಲಗಳ ತುಣುಕನ್ನು. ಪೂರ್ಣ ಪೆಪ್ಟೈಡ್ ಮೇಲೆ ನಡೆದ ಅಧ್ಯಯನಗಳನ್ನು ತೋರಿಸಿ ತುಣುಕನ್ನು ಮಾರುವುದು ಹೇಗೆ ಸರಿ ಎಂದು ಕೊಳ್ಳುವವರು ಕೇಳಬೇಕು. ನಮ್ಮ ರೋಗಿಗೆ ಸಿಕ್ಕಿದ್ದು ಪೂರ್ಣವೋ ತುಣುಕೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಂಥದ್ದೊಂದು ವ್ಯತ್ಯಾಸ ಇದೆಯೆಂಬುದೇ ಅವರಿಗೆ ಹೊಸತು.

ಇಲಿಯಿಂದ ಮನುಷ್ಯನವರೆಗೆ

ಪೆಪ್ಟೈಡ್ ಎಂಬ ಪದ ಈಗ ಒಂದು ಬಗೆಯ ಭರವಸೆಯ ಹೆಸರಾಗಿ ಓಡಾಡುತ್ತಿದೆ. ಅಮೈನೋ ಆಮ್ಲಗಳ ಚಿಕ್ಕ ಸರಪಣಿಗೆ ಆ ಹೆಸರು, ಅಷ್ಟೇ. 51 ಅಮೈನೋ ಆಮ್ಲಗಳ ಇನ್ಸುಲಿನ್ ಪೆಪ್ಟೈಡ್, ಕೆಲವು ಹಾವುಗಳ ವಿಷದಲ್ಲಿರುವುದೂ ಪೆಪ್ಟೈಡ್. ‘ಇದು ದೇಹದಲ್ಲೇ ಇರುವ ಪದಾರ್ಥ, ಹಾಗಾಗಿ ಅಪಾಯವಿಲ್ಲ’ ಎಂದು ರೋಗಿ ಎರಡು ಬಾರಿ ಹೇಳಿದ್ದರಿಂದ ಈ ಮಾತನ್ನು ಇಲ್ಲಿ ಬರೆಯಬೇಕಾಯಿತು.

ಬಿಪಿಸಿ-157 ಹದಿನೈದು ಅಮೈನೋ ಆಮ್ಲಗಳ ಕೃತಕ ಪೆಪ್ಟೈಡ್. ಮನುಷ್ಯರ ಜಠರರಸದಲ್ಲಿ ಗುರುತಿಸಿದ ಒಂದು ಪ್ರೋಟೀನಿನ ಭಾಗ ಎಂಬ ವಿವರಣೆಯೊಂದಿಗೆ 1990ರ ದಶಕದ ಆರಂಭದಲ್ಲಿ ಕ್ರೊಯೇಷಿಯಾದ ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಕ್ ಮತ್ತು ಸಂಗಡಿಗರು ಅದನ್ನು ಪರಿಚಯಿಸಿದರು. ಹೊಟ್ಟೆಯ ಹುಣ್ಣಿನಿಂದ ಆರಂಭವಾದ ಅವರ ಪ್ರಯೋಗಗಳು ಮುಂದೆ ರಜ್ಜು, ಸ್ನಾಯು, ಮೂಳೆಗಳಿಗೂ ಹಬ್ಬಿದವು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಅಕಿಲಿಸ್ ರಜ್ಜುವನ್ನು ಕತ್ತರಿಸಿ ಈ ಪೆಪ್ಟೈಡ್ ಕೊಟ್ಟಾಗ, ಕೊಡದ ಇಲಿಗಳಿಗಿಂತ ಬೇಗ ಮತ್ತು ಗಟ್ಟಿಯಾಗಿ ಗಾಯ ಕೂಡಿತು ಎಂಬ ವರದಿ ಬಂತು. ಮುಂದೆ ತೈವಾನಿನ ಸಂಶೋಧಕರು 2011ರಲ್ಲಿ, ಇಲಿಯ ರಜ್ಜುವಿನಿಂದ ಬೆಳೆಸಿದ ಜೀವಕೋಶಗಳು ಈ ಪೆಪ್ಟೈಡ್ ಇದ್ದಾಗ ಹೆಚ್ಚು ಚುರುಕಾಗಿ ಸರಿದಾಡುತ್ತವೆ, ಒತ್ತಡದಲ್ಲಿ ಹೆಚ್ಚು ಬದುಕುಳಿಯುತ್ತವೆ, ಆದರೆ ಅವುಗಳ ಸಂಖ್ಯಾವೃದ್ಧಿ ನೇರವಾಗಿ ಹೆಚ್ಚುವುದಿಲ್ಲ ಎಂದು ತೋರಿಸಿದರು. ಇದು ಕಡೆಗಣಿಸುವಂಥ ಕೆಲಸವಲ್ಲ. ಝಾಗ್ರೆಬ್‌ನಿಂದ ಹೊರಗೆ ಇಂಥ ಕೆಲಸ ನಡೆದಿರುವುದು ಕಡಿಮೆ ಎಂಬ ಕಾರಣಕ್ಕೆ ತೈವಾನಿನ ಪ್ರಯೋಗಗಳಿಗೆ ಹೆಚ್ಚಿನ ಬೆಲೆಯೂ ಇದೆ.

ಆದರೂ ಔಷಧಶಾಸ್ತ್ರ ಬಲ್ಲವರನ್ನು ಅರೆಕ್ಷಣ ನಿಲ್ಲಿಸುವ ಸಂಗತಿ ಒಂದಿದೆ. ಇಲಿಗಳಲ್ಲಿ ಕಿಲೋಗ್ರಾಂ ತೂಕಕ್ಕೆ 10 ಮೈಕ್ರೋಗ್ರಾಂ ಕೊಟ್ಟಾಗಲೂ ಫಲ ಬಂತು, ಅದರ ಸಾವಿರದಲ್ಲೊಂದು ಪಾಲಾದ 10 ನ್ಯಾನೋಗ್ರಾಂ ಕೊಟ್ಟಾಗಲೂ ಫಲ ಬಂತು ಎಂದು ವರದಿಗಳಿವೆ. ಪ್ರಮಾಣ ಸಾವಿರಪಟ್ಟು ಬದಲಾದರೂ ಪರಿಣಾಮ ಹೆಚ್ಚುಕಡಿಮೆ ಅಲ್ಲೇ ನಿಲ್ಲುವುದಾದರೆ ಸರಿಯಾದ ಪ್ರಮಾಣ ಯಾವುದು ಎಂಬ ಪ್ರಶ್ನೆಗೆ ನೆಲೆಯೇ ಸಿಗುವುದಿಲ್ಲ. ನಮ್ಮ ರೋಗಿ ಹಿಡಿದಿದ್ದ 250 ಮೈಕ್ರೋಗ್ರಾಂ ಎಂಬ ಅಂಕಿಯ ಹಿಂದೆ, ಪ್ರಮಾಣ ನಿರ್ಧರಿಸಲು ಮನುಷ್ಯರ ಮೇಲೆ ನಡೆದ ಯಾವ ಪ್ರಕಟಿತ ಅಧ್ಯಯನವೂ ಇರಲಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಗಾಯದ ಬಗೆಯದು. ಇಲಿಯಲ್ಲಿ ಕತ್ತರಿಸಿದ್ದು ಆರೋಗ್ಯವಾದ ಎಳೆಯ ರಜ್ಜುವನ್ನು, ಒಂದೇ ಏಟಿಗೆ. ಅದು ಹೊಸ ಗಾಯ. ಮಾಯುವ ಕ್ರಮ ತಾನಾಗಿ ಶುರುವಾಗಿರುತ್ತದೆ, ಮದ್ದು ಅದನ್ನು ತುಸು ತಳ್ಳಿದರೆ ಸಾಕು. ನಮ್ಮ ರೋಗಿಯಲ್ಲಿರುವುದು ತಿಂಗಳುಗಟ್ಟಲೆ ಭಾರ ಹೊತ್ತು ಎಳೆಗಳ ಜೋಡಣೆ ಕೆಟ್ಟ ರಜ್ಜು; ಅಲ್ಲಿ ಮಾಯುವ ಕ್ರಮ ದಾರಿ ತಪ್ಪಿ ನಿಂತಿದೆ. ಜೊತೆಗೆ ಮನುಷ್ಯನ ಅಕಿಲಿಸ್ ರಜ್ಜುವಿನ ತಿರುಳು ಬೇರೆಯೇ ಸ್ವಭಾವದ್ದು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಏರಿದ ಇಂಗಾಲ-14ರ ಗುರುತನ್ನು ಹಿಡಿದು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದಾಗ, ಆ ತಿರುಳು ಮೊದಲ ಹದಿನೇಳು ವರ್ಷಗಳಲ್ಲಿ ರೂಪುಗೊಂಡ ಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂಬುದು ಕಂಡಿತು. ನಲವತ್ತು ದಾಟಿದ ಓಟಗಾರರು ಹದಿಹರೆಯದಲ್ಲಿ ಕಟ್ಟಿಕೊಂಡ ರಜ್ಜುವಿನ ಮೇಲೆಯೇ ಇಂದಿಗೂ ಓಡುತ್ತಿದ್ದಾರೆ. ನಾಲ್ಕು ವಾರಗಳಲ್ಲಿ ಸೂಜಿಮದ್ದು ಅದನ್ನು ‘ರಿಪೇರಿ’ ಮಾಡಿತು ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಬೇಕು.

ಇನ್ನು ಡಾಪ್ಲರ್‌ನಲ್ಲಿ ಕಂಡ ರಕ್ತನಾಳಗಳು. ಬಿಪಿಸಿ-157 ಹೊಸ ರಕ್ತನಾಳಗಳ ಬೆಳವಣಿಗೆಗೆ ಇಂಬು ಕೊಡುತ್ತದೆ ಎಂಬುದು ಅದರ ಪರವಾಗಿ ಹೆಚ್ಚು ಕೇಳಿಬರುವ ವಾದ. ರಜ್ಜುವಿಗೆ ರಕ್ತಪೂರೈಕೆ ಕಡಿಮೆ, ಆದ್ದರಿಂದ ನಾಳ ಬೆಳೆದರೆ ಗಾಯ ಮಾಯುತ್ತದೆ ಎಂಬುದು ಅದರ ತರ್ಕ. ಹೊಸ ಗಾಯಕ್ಕೆ ಅದು ಸರಿಯಿರಬಹುದು. ಆದರೆ ಹಳೆಯ ಅಕಿಲಿಸ್ ನೋವಿನಲ್ಲಿ ಬೇಡದ ರಕ್ತನಾಳಗಳು ಈಗಾಗಲೇ ಒಳಹೊಕ್ಕಿರುತ್ತವೆ, ಅವುಗಳ ಜೊತೆಗೆ ನೋವಿನ ನರತಂತುಗಳೂ ಬರುತ್ತವೆ ಎಂದು ತೋರಿಸಿದ್ದು ಸ್ವೀಡನ್ನಿನ ಊಮಿಯೊದ ಸಂಶೋಧಕರು. ಅವರು 2002ರಲ್ಲಿ ಹತ್ತು ರೋಗಿಗಳಿಗೆ ಮಾಡಿ ನೋಡಿದ ಚಿಕಿತ್ಸೆ, ಆ ನಾಳಗಳನ್ನು ಚುಚ್ಚುಮದ್ದಿನಿಂದ ಮುಚ್ಚಿಹಾಕುವುದು. ಎಂಟು ಮಂದಿಗೆ ಸಮಾಧಾನ ಸಿಕ್ಕಿತು. ನಂತರ ಬೇರೆಡೆ ಮಾಡಿದವರಿಗೆ ಅಷ್ಟು ಒಳ್ಳೆಯ ಫಲ ಕಾಣಲಿಲ್ಲ ಎಂಬುದು ಬೇರೆ ಮಾತು. ಒಂದೇ ಕಾಯಿಲೆಗೆ ಒಬ್ಬರು ನಾಳಗಳನ್ನು ಕೊಲ್ಲಲು ಚುಚ್ಚಿದರು, ಇನ್ನೊಬ್ಬರು ನಾಳಗಳನ್ನು ಬೆಳೆಸಲು ಚುಚ್ಚುತ್ತಾರೆ, ಎರಡೂ ಕಡೆ ರೋಗಿಗಳು ಸುಧಾರಿಸಿದೆ ಎನ್ನುತ್ತಾರೆ. ಇದನ್ನು ನಮ್ಮ ರೋಗಿಗೆ ಹೇಳಿದಾಗ ಅವರು ಮೊದಲ ಬಾರಿಗೆ ಸ್ವಲ್ಪ ಹೊತ್ತು ಮೌನವಾಗಿ ಕುಳಿತರು.

ಹೊಸ ರಕ್ತನಾಳಗಳ ಬೆಳವಣಿಗೆಯೇ ಗೆಡ್ಡೆಗಳಿಗೂ ಬೇಕಾದದ್ದು ಎಂಬ ಕಾರಣಕ್ಕೆ ಕ್ಯಾನ್ಸರಿನ ಆತಂಕವನ್ನೂ ಹಲವರು ಎತ್ತುತ್ತಾರೆ. ಮನುಷ್ಯರಲ್ಲಿ ಹಾಗಾದದ್ದಕ್ಕೆ ಪುರಾವೆಯಿಲ್ಲ. ಆಗುವುದಿಲ್ಲ ಎನ್ನಲು ಬೇಕಾದ ದೀರ್ಘಕಾಲದ ನಿಗಾ ಕೂಡ ನಡೆದಿಲ್ಲ. ನಮ್ಮ ರೋಗಿಗೆ ಅಂಥ ಹಿನ್ನೆಲೆ ಇರಲಿಲ್ಲ.

ಪ್ರಾಣಿ ಪ್ರಯೋಗದ ಫಲ ಮನುಷ್ಯನಿಗೆ ಎರಡೂ ದಿಕ್ಕಿನಲ್ಲಿ ತಪ್ಪು ದಾರಿ ತೋರಿಸಬಹುದು ಎಂಬುದಕ್ಕೆ ಇನ್ನೊಂದು ಪೆಪ್ಟೈಡ್ ಸಾಕ್ಷಿ. ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್ 34 ಅಮೈನೋ ಆಮ್ಲಗಳದ್ದು. ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಂಡಿತ್ತು. ಆದರೂ 1637 ಮಹಿಳೆಯರ ಮೇಲೆ ಪ್ಲಾಸಿಬೊ (ಮದ್ದಿಲ್ಲದ ಹುಸಿಮದ್ದು) ಜೊತೆ ಹೋಲಿಸಿ ಪರೀಕ್ಷಿಸಿ, 2002ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆಯೊಂದಿಗೆ ಅಮೆರಿಕದಲ್ಲಿ ಅನುಮತಿ ಕೊಟ್ಟರು. ವರ್ಷಗಳ ನಿಗಾದಲ್ಲಿ ಮನುಷ್ಯರಲ್ಲಿ ಆ ಅಪಾಯ ಹೆಚ್ಚಿದ್ದು ಕಾಣದ ಕಾರಣ 2020ರಲ್ಲಿ ಎಚ್ಚರಿಕೆಯನ್ನು ತೆಗೆದರು. ಇಲಿಯ ಮಾತನ್ನು ಇಲ್ಲವೆನ್ನಲು ಅಷ್ಟು ಜನ, ಅಷ್ಟು ವರ್ಷ ಬೇಕಾಯಿತು. ಇಲಿಯ ಮಾತನ್ನು ಹೌದೆನ್ನಲು ಅದಕ್ಕಿಂತ ಕಡಿಮೆ ಸಾಕೆಂದು ಯಾಕೆ ಭಾವಿಸಬೇಕು?

ಬಿಪಿಸಿ-157ರ ಮಟ್ಟಿಗೆ ಕೀಲುನೋವಿನ ಬಗ್ಗೆ ಮನುಷ್ಯರಲ್ಲಿ ನಡೆದ ಕೆಲಸವೆಂದು ಹೆಚ್ಚಾಗಿ ಉಲ್ಲೇಖವಾಗುವುದು 2021ರ ಒಂದು ಚಿಕ್ಕ ವರದಿ. ಮಂಡಿಯೊಳಗೆ ಚುಚ್ಚಿಸಿಕೊಂಡಿದ್ದ 16 ಮಂದಿಯನ್ನು ನಂತರ ವಿಚಾರಿಸಲಾಯಿತು. ಇದೊಂದನ್ನೇ ಪಡೆದ 12 ಮಂದಿಯಲ್ಲಿ 11 ಮಂದಿ ಸುಧಾರಿಸಿದೆ ಎಂದರು. ಹೋಲಿಕೆಗೆ ಬೇರೆ ಗುಂಪಿರಲಿಲ್ಲ, ಮಂಡಿನೋವಿನ ಕಾರಣ ಎಲ್ಲರಿಗೂ ಒಂದೇ ಆಗಿರಲಿಲ್ಲ. ನಮ್ಮ ರೋಗಿ ಈ ‘12ರಲ್ಲಿ 11’ ಎಂಬ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು.

ಅದರ ಪಕ್ಕದಲ್ಲಿ ನಾವು ಇಟ್ಟದ್ದು ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವನ್ನು. ಇವರಂತೆಯೇ ಹಳೆಯ ಅಕಿಲಿಸ್ ನೋವಿದ್ದ 54 ಮಂದಿಗೆ ವ್ಯಾಯಾಮ ಕಲಿಸಿ, ಅರ್ಧ ಜನಕ್ಕೆ ಅವರದೇ ರಕ್ತದಿಂದ ತಯಾರಿಸಿದ, ಆಗ ಬಹಳ ಹೆಸರು ಮಾಡಿದ್ದ ಪ್ಲೇಟ್‌ಲೆಟ್ ದ್ರವವನ್ನೂ ಉಳಿದರ್ಧಕ್ಕೆ ಬರೀ ಉಪ್ಪುನೀರನ್ನೂ ಚುಚ್ಚಿದರು. ಯಾರಿಗೆ ಯಾವುದು ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. 24 ವಾರಗಳ ನಂತರ ವಿಸಾ-ಎ ಅಂಕ ಒಂದು ಗುಂಪಿನಲ್ಲಿ 21.7, ಇನ್ನೊಂದರಲ್ಲಿ 20.5 ಏರಿತ್ತು. ಉಪ್ಪುನೀರು ಚುಚ್ಚಿಸಿಕೊಂಡವರನ್ನು ಮಾತ್ರ ಫೋನಿನಲ್ಲಿ ವಿಚಾರಿಸಿದ್ದರೆ ಅವರಲ್ಲೂ ಬಹಳ ಮಂದಿ ಸುಧಾರಿಸಿದೆ ಎಂದೇ ಹೇಳುತ್ತಿದ್ದರು, ಉಪ್ಪುನೀರಿಗೂ ಒಂದು ಮಾರುಕಟ್ಟೆ ಹುಟ್ಟುತ್ತಿತ್ತು.

ಸ್ಪರ್ಧೆಯ ಪ್ರಶ್ನೆ

ನಿಷೇಧದ ಮಾತು ಬರುವವರೆಗೂ ರೋಗಿ ವಾದಿಸುವ ಹುರುಪಿನಲ್ಲಿದ್ದರು. ಬಿಪಿಸಿ-157 ಅನ್ನು ವಿಶ್ವ ಉದ್ದೀಪನ ಮದ್ದು ತಡೆ ಘಟಕವಾದ ವಾಡಾ 2022ರಿಂದ ಹೆಸರಿಟ್ಟು ನಿಷೇಧಿಸಿದೆ. ಯಾವ ಸರ್ಕಾರದ ಆರೋಗ್ಯ ಸಂಸ್ಥೆಯೂ ಚಿಕಿತ್ಸೆಗೆ ಒಪ್ಪದ ಪದಾರ್ಥಗಳ ವರ್ಗದಲ್ಲಿ ಅದು ಬರುತ್ತದೆ. ಥೈಮೋಸಿನ್ ಬೀಟಾ-4 ಮತ್ತು ಟಿಬಿ-500 ಬೆಳವಣಿಗೆಯ ಅಂಶಗಳ ವರ್ಗದಲ್ಲಿ ನಿಷಿದ್ಧ. ಎರಡಕ್ಕೂ ಸ್ಪರ್ಧೆಯ ದಿನ, ಅಭ್ಯಾಸದ ದಿನ ಎಂಬ ಭೇದವಿಲ್ಲ. ಹಿರಿಯರ ಕ್ರೀಡಾಕೂಟ ಎಂಬ ಕಾರಣಕ್ಕೆ ರಿಯಾಯಿತಿಯಿಲ್ಲ. ಅನುಮತಿ ಪಡೆದ ಔಷಧವೇ ಅಲ್ಲದ ಮೇಲೆ ಚಿಕಿತ್ಸೆಯ ಹೆಸರಿನಲ್ಲಿ ವಿನಾಯಿತಿ ಕೇಳಿದರೂ ಸಿಗುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಆಸ್ಟ್ರೇಲಿಯಾದ ಎಸೆಂಡನ್ ಫುಟ್ಬಾಲ್ ಕ್ಲಬ್ಬಿನ ಪ್ರಕರಣವನ್ನು ಇಲ್ಲಿ ನೆನೆಯಬೇಕು. 2012ರ ಋತುವಿನಲ್ಲಿ ಕ್ಲಬ್ಬಿನ ಚುಚ್ಚುಮದ್ದು ಕಾರ್ಯಕ್ರಮಕ್ಕೆ ಒಳಪಟ್ಟ 34 ಆಟಗಾರರನ್ನು ಲೀಗಿನ ನ್ಯಾಯಮಂಡಳಿ 2015ರಲ್ಲಿ ದೋಷಮುಕ್ತಗೊಳಿಸಿತ್ತು. ವಾಡಾ ಮೇಲ್ಮನವಿ ಹೋಯಿತು. 2016ರ ಜನವರಿಯಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅವರು ಥೈಮೋಸಿನ್ ಬೀಟಾ-4 ಪಡೆದಿದ್ದಾರೆಂದು ತೀರ್ಮಾನಿಸಿ ಎರಡು ವರ್ಷಗಳ ನಿಷೇಧ ಹಾಕಿತು. ಆಟಗಾರರು ಸಹಿ ಮಾಡಿದ್ದ ಒಪ್ಪಿಗೆ ಪತ್ರಗಳಲ್ಲಿ ಥೈಮೋಸಿನ್ ಎಂದಷ್ಟೇ ಇತ್ತು. ಯಾವ ಥೈಮೋಸಿನ್ ಎಂಬುದೇ ಇಡೀ ವ್ಯಾಜ್ಯದ ತಿರುಳಾಯಿತು. ಚೀಟಿಯನ್ನು ನಂಬಿದವರ ಮೇಲೇ ಹೊಣೆ ಬಂತು.

ಔಷಧ ನಿಯಂತ್ರಣದ ನೆಲೆಯಲ್ಲಿ, ಎಫ್‌ಡಿಎ 2023ರಲ್ಲಿ ಬಿಪಿಸಿ-157 ಅನ್ನು ಔಷಧಾಲಯಗಳು ತಾವೇ ಬೆರೆಸಿ ಕೊಡುವ ಪದಾರ್ಥಗಳ ಪೈಕಿ ಗಣನೀಯ ಅಪಾಯದ ಸಾಧ್ಯತೆಯಿರುವ ಗುಂಪಿಗೆ ಸೇರಿಸಿತು. ದೇಹದ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ತಿರುಗಿಬೀಳಬಹುದು ಮತ್ತು ತಯಾರಿಕೆಯಲ್ಲಿ ಕಲ್ಮಶ ಉಳಿಯಬಹುದು ಎಂಬವು ಆಗ ಕೊಟ್ಟ ಕಾರಣಗಳಲ್ಲಿ ಸೇರಿದ್ದವು.

ನಂತರದ 24 ವಾರಗಳು

ರೋಗಿ ಚುಚ್ಚುವುದನ್ನು ನಿಲ್ಲಿಸಿದರು. ಅದಕ್ಕೆ ನಮ್ಮ ವಿವರಣೆಗಿಂತ ನಿಷೇಧದ ಭಯವೇ ಹೆಚ್ಚು ಕಾರಣವಾಯಿತು ಎಂದು ಒಪ್ಪಿಕೊಳ್ಳಬೇಕು. ಸಮೀಪದ ಸ್ಪರ್ಧೆಯಿಂದ ಹೆಸರನ್ನೂ ಹಿಂಪಡೆದರು. ನಿಲ್ಲಿಸಿದ ಮುಂದಿನ ಎರಡು ವಾರಗಳಲ್ಲಿ ನೋವು ಮತ್ತೆ ಏರಿತು. ಮದ್ದು ನಿಂತಿತು, ನೋವು ಬಂತು, ಇದಕ್ಕಿಂತ ಸಾಕ್ಷ್ಯ ಬೇಕೇ ಎಂದು ಅವರು ಕೇಳಿದರು. ದಿನಚರಿ ಬರೆದಿಡುವ ಅಭ್ಯಾಸ ಅವರಿಗಿದ್ದುದು ಇಲ್ಲಿ ನೆರವಿಗೆ ಬಂತು. ಪುಟ ತಿರುಗಿಸಿದಾಗ, ನಮ್ಮ ಮೊದಲ ಭೇಟಿಗೆ ಮೂರು ದಿನ ಮುಂಚೆ, ನೋವು ಕಡಿಮೆಯಾದ ಉತ್ಸಾಹದಲ್ಲಿ, ಏಳು ತಿಂಗಳಲ್ಲಿ ಮೊದಲ ಬಾರಿಗೆ ಏರುಹಾದಿಯಲ್ಲಿ ಎಂಟು ಸುತ್ತು ವೇಗದ ಓಟ ಓಡಿದ್ದು, ವಾರದ ಬಳಿಕ ಅದನ್ನೇ ಇನ್ನೊಮ್ಮೆ ಮಾಡಿದ್ದು ಸಿಕ್ಕಿತು. ಅದೇ ದಿನಚರಿಯಲ್ಲಿ ಇನ್ನೂ ಹಿಂದಕ್ಕೆ ಹೋದಾಗ, ಮೊದಲ ಸೂಜಿ ಚುಚ್ಚಿಕೊಂಡ ವಾರವೇ ಅವರು ಮೂರು ಬೇರೆ ಬದಲಾವಣೆಗಳನ್ನೂ ಮಾಡಿಕೊಂಡಿದ್ದರು ಎಂಬುದು ತಿಳಿಯಿತು. ಮದ್ದಿನ ಸೂಚನೆಯಲ್ಲಿ ಇದ್ದಂತೆ ಓಟವನ್ನು ಪೂರ್ತಿ ನಿಲ್ಲಿಸಿದ್ದರು, ಹಿಮ್ಮಡಿ ಎತ್ತರವಿರುವ ಶೂ ಹಾಕಲು ಶುರು ಮಾಡಿದ್ದರು, ಭೌತಚಿಕಿತ್ಸಕರ ಹಳೆಯ ವ್ಯಾಯಾಮದ ಹಾಳೆಯನ್ನು ಹುಡುಕಿ ತೆಗೆದು ಮತ್ತೆ ಆರಂಭಿಸಿದ್ದರು. ನೋವು ಇಳಿಯಲು ಈ ಮೂರರಲ್ಲಿ ಯಾವುದೊಂದೂ ಸಾಕಿತ್ತು. ಜೊತೆಗೆ, ಜನ ಹೊಸ ಮದ್ದನ್ನು ಹುಡುಕಿ ಹೋಗುವುದು ನೋವು ತೀರಾ ಹೆಚ್ಚಾದಾಗ. ಏರಿಳಿತವಿರುವ ಕಾಯಿಲೆಯಲ್ಲಿ ಶಿಖರದ ನಂತರ ಇಳಿತವೇ ಬರುವುದು, ಕೈಯಲ್ಲಿ ಏನು ಹಿಡಿದಿದ್ದರೂ.

ಚಿಕಿತ್ಸೆಯೆಂದು ನಾವು ಕೊಟ್ಟದ್ದು ಹೊಸದೇನಲ್ಲ. ಸ್ವೀಡನ್ನಿನ ಹೋಕನ್ ಆಲ್‌ಫ್ರೆಡ್‌ಸನ್ 1998ರಲ್ಲಿ 15 ಓಟಗಾರರಿಗೆ ದಿನಕ್ಕೆ 180 ಬಾರಿಯಂತೆ 12 ವಾರ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿ, ಎಲ್ಲರೂ ಓಟಕ್ಕೆ ಮರಳಿದ್ದನ್ನು ವರದಿ ಮಾಡಿದ್ದರು. ತಮ್ಮದೇ ಹಿಮ್ಮಡಿ ನೋವಿಗೆ ಶಸ್ತ್ರಚಿಕಿತ್ಸೆ ಸಿಗದೆ, ರಜ್ಜು ಪೂರ್ತಿ ಕೆಡಲಿ ಎಂದೇ ಈ ವ್ಯಾಯಾಮ ಶುರು ಮಾಡಿ ಗುಣವಾದರು ಎಂಬ ಕಥೆಯನ್ನು ಅವರ ಬಗ್ಗೆ ಹೇಳುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಆ ವರದಿಯಲ್ಲೂ ಯಾದೃಚ್ಛಿಕ ಹೋಲಿಕೆ ಇರಲಿಲ್ಲ, ಅದೂ 2021ರ ಮಂಡಿಯ ವರದಿಯಷ್ಟೇ ಚಿಕ್ಕದು. ವ್ಯತ್ಯಾಸ ಬಂದದ್ದು ಅದರ ನಂತರ: ಹಲವು ದೇಶಗಳ ಸಂಶೋಧಕರು ಅದನ್ನು ಬೇರೆ ವಿಧಾನಗಳ ಜೊತೆ ಹೋಲಿಸಿ ನೋಡಿದರು, ತಿದ್ದಿದರು, 180ರ ಲೆಕ್ಕ ಕಡ್ಡಾಯವಲ್ಲ, ನಿಧಾನವಾಗಿ ಹೆಚ್ಚು ಭಾರ ಎತ್ತಿದರೂ ಆದೀತು ಎಂದು ಕಂಡುಕೊಂಡರು. ನೋವು ಹತ್ತರಲ್ಲಿ ಐದನ್ನು ದಾಟದೆ ಮರುದಿನ ಬೆಳಗ್ಗೆ ಇಳಿಯುವುದಾದರೆ ಓಟವನ್ನೂ ಮುಂದುವರಿಸಬಹುದು ಎಂಬುದನ್ನು 2007ರ ಪ್ರಯೋಗವೊಂದು ತೋರಿಸಿತು. ಬಿಪಿಸಿ-157ಕ್ಕೆ ಆ ನಂತರದ ಹಂತ ಬಂದಿಲ್ಲ.

ನಮ್ಮ ರೋಗಿಗೆ ವಾರಕ್ಕೆ ಮೂರು ದಿನ ಭಾರ ಹೊತ್ತು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ಕ್ರಮವನ್ನು ಕೊಟ್ಟು, ಐದರ ಮಿತಿಯಲ್ಲಿ ಓಟಕ್ಕೂ ಬಿಟ್ಟೆವು. ಹಿಂದೆ ವ್ಯಾಯಾಮವನ್ನು ಬಿಟ್ಟದ್ದು ನೋವಾಗುತ್ತದೆಂಬ ಕಾರಣಕ್ಕೆ. ಅಷ್ಟು ನೋವು ಸಹಿಸಬಹುದಾದದ್ದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಈ ಒಂದು ಮಾತೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅನಿಸಿಕೆ, ಅದಕ್ಕೂ ಪುರಾವೆಯಿಲ್ಲ. 12ನೆಯ ವಾರ ವಿಸಾ-ಎ ಅಂಕ 74, 24ನೆಯ ವಾರ 86. ರಜ್ಜುವಿನ ದಪ್ಪ 8 ಮಿಲಿಮೀಟರ್; ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ, ಬದಲಾಗಲೇಬೇಕೆಂದೂ ಇಲ್ಲ.

ಕೊನೆಯ ಭೇಟಿಯಲ್ಲಿ ಅವರು ಒಂದು ವಾದವನ್ನು ಸಿದ್ಧಪಡಿಸಿಕೊಂಡು ಬಂದಿದ್ದರು: ಪೆಪ್ಟೈಡ್ ನೋವನ್ನು ಇಳಿಸಿದ್ದರಿಂದಲೇ ವ್ಯಾಯಾಮ ಮಾಡಲು ಸಾಧ್ಯವಾಯಿತು, ಆದ್ದರಿಂದ ಅದಕ್ಕೂ ಪಾಲು ಸಲ್ಲಬೇಕು. ತಳ್ಳಿಹಾಕಲಾಗದ ಮಾತದು. ಒಪ್ಪಲು ಬೇಕಾದ ಅಳತೆಯೂ ನಮ್ಮಲ್ಲಿರಲಿಲ್ಲ. ಕಡತದಲ್ಲಿ ಚುಚ್ಚುಮದ್ದಿನ ಎದುರು ‘ಪದಾರ್ಥ ಖಚಿತವಿಲ್ಲ, ಪ್ರಮಾಣ ಖಚಿತವಿಲ್ಲ, ಪರಿಣಾಮ ನಿರ್ಧರಿಸಲಾಗದು’ ಎಂದು ಬರೆದು ಅವರಿಗೂ ಓದಿಸಿದೆವು. ‘ಪರಿಣಾಮ’ ಎಂಬ ಪದದ ಹಿಂದೆ ‘ಒಳ್ಳೆಯ’ ಎಂದು ಸೇರಿಸಬಹುದೇ ಎಂದು ಕೇಳಿದರು. ಸೇರಿಸಲಿಲ್ಲ.